ಟೈಮಿಂಗ್ ಬೆಲ್ಟು ಬದಲಿಸಿದ ಮೇಲೆ ಎಂಜಿನು ಸರಿಯಾಗದಿದ್ದರೆ

ತೋಟಗಾರರಿಗೆ ಯಂತ್ರಗಳ ಒಡನಾಟ ಹೊಸತಲ್ಲ. ಮದ್ದು ಬಿಡುವ ಪಂಪಿನ ಪ್ಲಗ್ಗು ಬಿಚ್ಚಿ ಒರೆಸಿ ಹಾಕುವುದು, ನೀರಿನ ಪಂಪಿನ ವಾಷರ್ ಬದಲಿಸುವುದು, ಹುಲ್ಲು ಕತ್ತರಿಸುವ ಯಂತ್ರದ ಕಾರ್ಬೊರೇಟರ್ ಶುಚಿ ಮಾಡುವುದು, ಇವೆಲ್ಲ ನಮ್ಮ ಕಡೆಯ ಮನೆಗಳಲ್ಲಿ ದಿನನಿತ್ಯದ ಕೆಲಸಗಳು. ಆ ಧೈರ್ಯದಿಂದಲೇ ಕೆಲವು ಸದಸ್ಯರು ಹಳೆಯ ಕಾರಿನ ಟೈಮಿಂಗ್ ಬೆಲ್ಟನ್ನೂ ಮನೆಯಂಗಳದಲ್ಲಿಯೇ ಬದಲಿಸುತ್ತಾರೆ. ಇದು ಮೆಚ್ಚತಕ್ಕ ವಿಷಯವೇ. ಆದರೆ ಬೆಲ್ಟು ಹಾಕಿದ ಮೇಲೆ ಎಂಜಿನು ಸ್ಟಾರ್ಟ್ ಆಗದಿದ್ದರೆ, ಅಥವಾ ಸ್ಟಾರ್ಟ್ ಆಗಿಯೂ ಮೊದಲಿನಂತೆ ಎಳೆಯದಿದ್ದರೆ ಮುಂದೇನು ಮಾಡಬೇಕೆಂಬುದು ಹೆಚ್ಚಿನವರಿಗೆ ತಿಳಿದಿರುವುದಿಲ್ಲ. ಬೆಲ್ಟು ಹಾಕುವಾಗ ಆದ ತಪ್ಪಿಗಿಂತ, ಆ ಬಳಿಕ ಗಾಬರಿಯಲ್ಲಿ ಮಾಡುವ ಕೆಲಸಗಳೇ ಹೆಚ್ಚಿನ ನಷ್ಟಕ್ಕೆ ಕಾರಣವಾಗುತ್ತವೆ. ಆ ಬಗ್ಗೆ ನಾಲ್ಕು ಮಾತು ತಿಳಿಸುವುದು ಈ ಲೇಖನದ ಉದ್ದೇಶ.

ಮಾಣಿಯಲ್ಲಿ ಮಂಗಳೂರು–ಬೆಂಗಳೂರು ಹೆದ್ದಾರಿಯಿಂದ ಪುತ್ತೂರು, ಮಡಿಕೇರಿ, ಮೈಸೂರಿನ ಹೆದ್ದಾರಿ ಕವಲೊಡೆಯುತ್ತದೆ. ಒಂದು ದಾರಿ ಶಿರಾಡಿ ಘಾಟಿಗೆ, ಇನ್ನೊಂದು ಸಂಪಾಜೆ ಘಾಟಿಗೆ ಒಯ್ಯುತ್ತದೆ. ಬೆಳ್ತಂಗಡಿಯವರಿಗೆ ಚಾರ್ಮಾಡಿ ಇದೆ. ಹೆದ್ದಾರಿಯಿಂದ ತೋಟದ ಮನೆಗೆ ಇಳಿಯುವ ಕಿರುದಾರಿಗಳೂ ಏರು ತಗ್ಗಿನವೇ. ಹೀಗಿರುವಾಗ ಅರೆಬರೆ ಎಳೆಯುವ ಎಂಜಿನನ್ನು ನಂಬಿ ಹೊರಟರೆ ಯಾವ ತಿರುವಿನಲ್ಲಿ ಕೈಕೊಡುತ್ತದೆಂದು ಹೇಳಲಾಗದು. ರಾತ್ರಿ ಹೊತ್ತು ಮನೆಯ ಹಿರಿಯರನ್ನು ಆಸ್ಪತ್ರೆಗೆ ಒಯ್ಯಬೇಕಾದಾಗ ಅದೇ ಕಾರು ಬೇಕು ಎಂಬುದನ್ನು ಮರೆಯಬಾರದು.

ನಮ್ಮ ಕಾರುಗಳೂ ಈ ಬೆಲ್ಟೂ

ಹಿಂದೆ ನಮ್ಮಲ್ಲಿದ್ದ ಅಂಬಾಸಡರ್ ಮತ್ತು ಫಿಯಟ್ ಕಾರುಗಳ ಪೆಟ್ರೋಲ್ ಎಂಜಿನುಗಳಲ್ಲಿ ಈ ಕೆಲಸಕ್ಕೆ ಕಬ್ಬಿಣದ ಚೈನು ಇತ್ತು. ಹಲ್ಲಿನ ರಬ್ಬರು ಬೆಲ್ಟನ್ನು ಕಾರುಗಳಲ್ಲಿ ಮೊದಲು ದೊಡ್ಡ ಪ್ರಮಾಣದಲ್ಲಿ ಬಳಸಿದ್ದು ಜರ್ಮನಿಯ ಗ್ಲಾಸ್ ಎಂಬ ಕಂಪೆನಿ, 1962ರ ಸುಮಾರಿಗೆ. ನಮ್ಮ ನಾಡಿನ ಮನೆಮನೆಗೆ ಅದು ಬಂದದ್ದು ಮಾರುತಿಯ ಜೊತೆಯಲ್ಲಿ. 1983ರ ಡಿಸೆಂಬರ್ 14ರಂದು ಮೊದಲ ಮಾರುತಿ 800 ಕಾರಿನ ಕೀಲಿಕೈ ಹಸ್ತಾಂತರವಾಯಿತು. ಮುಂದಿನ ವರ್ಷ ಅದೇ 796 ಸಿಸಿ, ಮೂರು ಸಿಲಿಂಡರಿನ ಎಂಜಿನು ಹೊತ್ತ ವ್ಯಾನು ಬಂತು. ಅದನ್ನೇ ನಾವು ಓಮ್ನಿ ಎಂದು ಕರೆಯುವುದು. 800ರ ತಯಾರಿಕೆ 2014ರಲ್ಲಿ, ಓಮ್ನಿಯದು 2019ರಲ್ಲಿ ನಿಂತಿತು. ಆದರೂ ಅಡಿಕೆ ಚೀಲ, ಗೊಬ್ಬರ, ಹಿಂಡಿ, ಕೆಲಸದಾಳುಗಳು ಎಲ್ಲವನ್ನೂ ಹೊತ್ತ ಓಮ್ನಿಗಳು ನಮ್ಮ ರಸ್ತೆಗಳಲ್ಲಿ ಇಂದಿಗೂ ಕಾಣಸಿಗುತ್ತವೆ. ಆದ್ದರಿಂದ ಇಲ್ಲಿ ಮುಖ್ಯವಾಗಿ ಆ ಎಂಜಿನನ್ನು ಕುರಿತೇ ಬರೆದಿದೆ. ತತ್ತ್ವ ಮಾತ್ರ ಬೆಲ್ಟು ಇರುವ ಎಲ್ಲ ಎಂಜಿನುಗಳಿಗೂ ಒಂದೇ. ಹೊಸ ಕಾರುಗಳಲ್ಲಿ ಎಷ್ಟೋ ಎಂಜಿನುಗಳಿಗೆ ಮತ್ತೆ ಚೈನು ಬಂದಿದೆ. ನಿಮ್ಮದು ಯಾವುದೆಂದು ಕೈಪಿಡಿ ನೋಡಿ ತಿಳಿಯಿರಿ.

ಬೆಲ್ಟಿನ ಕೆಲಸವೇನು? ಕೆಳಗೆ ಪಿಸ್ಟನುಗಳನ್ನು ಆಡಿಸುವ ಕ್ರ್ಯಾಂಕು, ಮೇಲೆ ವಾಲ್ವುಗಳನ್ನು ತೆರೆದು ಮುಚ್ಚುವ ಕ್ಯಾಮು. ಇವೆರಡೂ ಒಂದಕ್ಕೊಂದು ತಾಳ ತಪ್ಪದಂತೆ ತಿರುಗಬೇಕು. ಕ್ರ್ಯಾಂಕು ಎರಡು ಸುತ್ತು ತಿರುಗುವಾಗ ಕ್ಯಾಮು ಒಂದು ಸುತ್ತು ತಿರುಗುತ್ತದೆ. ಆದ್ದರಿಂದಲೇ ಮೇಲಿನ ಚಕ್ರಕ್ಕೆ ಕೆಳಗಿನ ಚಕ್ರದ ಎರಡರಷ್ಟು ಹಲ್ಲುಗಳು. ಬೆಲ್ಟು ಒಂದು ಹಲ್ಲು ಆಚೀಚೆ ಕುಳಿತರೂ ತಾಳ ತಪ್ಪುತ್ತದೆ.

ಮೊದಲು ಸೆಲ್ಫ್ ಹೊಡೆಯುವುದನ್ನು ನಿಲ್ಲಿಸಿ

ಬೆಲ್ಟು ಹಾಕಿ ಕೀಲಿಕೈ ತಿರುಗಿಸಿದಿರಿ. ಎಂಜಿನು ಹಿಡಿಯಲಿಲ್ಲ. ಆಗ ಮತ್ತೆ ಮತ್ತೆ ಸೆಲ್ಫ್ ಹೊಡೆಯುವುದು, ನಾಲ್ಕು ಜನ ಸೇರಿ ದೂಡುವುದು, ಇಳಿಜಾರಿನಲ್ಲಿ ಬಿಟ್ಟು ಗೇರಿಗೆ ಹಾಕುವುದು ನಮ್ಮ ವಾಡಿಕೆ. ಬ್ಯಾಟರಿ ಇಳಿದ ಕಾರಿಗೆ ಇದು ಸರಿ. ಬೆಲ್ಟು ಬದಲಿಸಿದ ಕಾರಿಗೆ ಇದು ಖಂಡಿತ ಕೂಡದು.

ಕಾರಣವಿಷ್ಟೇ. ಕೆಲವು ಎಂಜಿನುಗಳಲ್ಲಿ ಪಿಸ್ಟನು ಮೇಲೆ ಬರುವ ಜಾಗಕ್ಕೇ ವಾಲ್ವೂ ಇಳಿಯುತ್ತದೆ. ತಾಳ ಸರಿಯಿರುವವರೆಗೆ ಒಂದು ಬರುವಾಗ ಇನ್ನೊಂದು ಸರಿದಿರುತ್ತದೆ. ತಾಳ ತಪ್ಪಿದರೆ ಎರಡೂ ಡಿಕ್ಕಿಯಾಗಿ ವಾಲ್ವು ಬಾಗುತ್ತದೆ. ಡೀಸೆಲ್ ಎಂಜಿನುಗಳಲ್ಲಿ ಜಾಗ ಇನ್ನೂ ಇಕ್ಕಟ್ಟು. ಬಾಗಿದ ವಾಲ್ವನ್ನು ಬದಲಿಸಲು ಹೆಡ್ಡನ್ನೇ ಇಳಿಸಬೇಕಾಗುತ್ತದೆ. ಬೆಲ್ಟಿನ ಬೆಲೆಯಲ್ಲಿ ಮುಗಿಯಬೇಕಾದ ಕೆಲಸ ಹಲವು ಪಟ್ಟು ಖರ್ಚಿಗೆ ಬರುತ್ತದೆ. ಕೊಯ್ಲಿನ ನಡುವೆ ಕಾರು ವಾರಗಟ್ಟಲೆ ಗ್ಯಾರೇಜಿನಲ್ಲಿ ನಿಲ್ಲುವುದು ಬೇರೆ. ನಿಮ್ಮ ಎಂಜಿನು ಯಾವ ಬಗೆಯದೆಂದು ಖಚಿತವಾಗಿ ತಿಳಿಯದಿದ್ದರೆ, ಡಿಕ್ಕಿಯಾಗುವ ಬಗೆಯೆಂದೇ ಭಾವಿಸಿ ನಡೆದುಕೊಳ್ಳುವುದು ಲೇಸು.

ಮತ್ತೊಂದು ಮಾತು. ತಾಳ ತಪ್ಪಿದ ಎಂಜಿನು ಕಾರ್ಬೊರೇಟರಿನ ಬಾಯಿಂದ ಬೆಂಕಿ ಉಗುಳುವುದುಂಟು. ಏರ್ ಫಿಲ್ಟರ್ ತೆಗೆದಿಟ್ಟು, ಪೆಟ್ರೋಲ್ ಸುರಿದು, ಮೇಲೆ ಬಗ್ಗಿ ನೋಡುತ್ತಾ ಸೆಲ್ಫ್ ಹೊಡೆಸುವುದು ಪ್ರಾಣಕ್ಕೇ ಅಪಾಯ.

ಕೈಯಿಂದ ಎರಡು ಸುತ್ತು

ಇನ್ನು ಪರೀಕ್ಷೆಯ ಕ್ರಮ. ಬ್ಯಾಟರಿಯ ನೆಗೆಟಿವ್ ತಂತಿ ತೆಗೆಯಿರಿ. ಗೇರು ನ್ಯೂಟ್ರಲ್ ಇರಲಿ, ಹ್ಯಾಂಡ್ ಬ್ರೇಕು ಹಾಕಿ ಚಕ್ರಕ್ಕೆ ಕಲ್ಲು ಕೊಡಿ. ಪ್ಲಗ್ಗುಗಳನ್ನೆಲ್ಲ ಬಿಚ್ಚಿದರೆ ಎಂಜಿನು ಹಗುರವಾಗಿ ತಿರುಗುತ್ತದೆ. ಬೆಲ್ಟಿನ ಹೊರ ಮುಚ್ಚಳ ತೆಗೆದು, ಕ್ರ್ಯಾಂಕಿನ ಬೋಲ್ಟಿಗೆ ಸ್ಪ್ಯಾನರ್ ಹಾಕಿ, ಎಂಜಿನು ತಿರುಗುವ ದಿಕ್ಕಿಗೇ ನಿಧಾನವಾಗಿ ತಿರುಗಿಸಿ. ಕ್ಯಾಮಿನ ಬೋಲ್ಟು ಹಿಡಿದು ಎಂಜಿನನ್ನು ತಿರುಗಿಸಬಾರದು.

ತಿರುಗಿಸುವಾಗ ಎಲ್ಲಿಯಾದರೂ ಗಟ್ಟಿ ತಡೆ ಸಿಕ್ಕಿದರೆ ಅಲ್ಲಿಗೇ ನಿಲ್ಲಿಸಿ. ಅದು ವಾಲ್ವಿಗೆ ಪಿಸ್ಟನು ತಾಗಿದ ಸೂಚನೆಯಿರಬಹುದು. ಉದ್ದದ ಪೈಪು ಹಾಕಿ ಬಲ ಪ್ರಯೋಗಿಸಿದರೆ ಕೆಲಸ ಕೆಟ್ಟಿತೆಂದೇ ತಿಳಿಯಿರಿ.

ತಡೆಯಿಲ್ಲದೆ ತಿರುಗಿದರೆ ಕ್ರ್ಯಾಂಕನ್ನು ಪೂರ್ತಿ ಎರಡು ಸುತ್ತು ತಿರುಗಿಸಿ ಗುರುತುಗಳನ್ನು ನೋಡಿ. 800 ಮತ್ತು ಓಮ್ನಿಯಲ್ಲಿ ಕೆಳಗಿನ ಹಲ್ಲುಚಕ್ರದ ಚುಕ್ಕೆ ಆಯಿಲ್ ಪಂಪಿನ ಮೈಮೇಲಿನ ಬಾಣದ ಗುರುತಿಗೆ ಸರಿಯಾಗಿ ನಿಲ್ಲಬೇಕು. ಅದೇ ಹೊತ್ತಿಗೆ ಮೇಲಿನ ಚಕ್ರದ ಗುರುತು ತನ್ನ ಎದುರಿನ ಗುರುತಿಗೆ ಕೂಡಬೇಕು. ಒಂದು ಕೂಡಿ ಇನ್ನೊಂದು ತುಸು ಆಚೆ ನಿಂತರೆ ಅದೇ ದೋಷ.

ಈ ಹಂತದಲ್ಲಿ ಮೂರು ಗೊಂದಲಗಳು ಸಾಮಾನ್ಯ.

ಒಂದು, ಹೊರಗಿನ ದೊಡ್ಡ ಪುಲ್ಲಿಯ ಗುರುತನ್ನು ಹಿಡಿದು ಬೆಲ್ಟು ಹಾಕುವುದು. ಅದು ಕರೆಂಟಿನ ಟೈಮಿಂಗ್ ನೋಡಲು ಇರುವಂಥದು. ಬೆಲ್ಟಿಗೆ ಒಳಗಿನ ಹಲ್ಲುಚಕ್ರದ ಗುರುತೇ ಪ್ರಮಾಣ.

ಎರಡು, ಹಳೆಯ ಬೆಲ್ಟಿನ ಮೇಲೆ ಬಣ್ಣ ಹಚ್ಚಿ ಅದರಂತೆ ಹೊಸದಕ್ಕೂ ಗುರುತು ಹಾಕಿಕೊಂಡವರು, ಎರಡು ಸುತ್ತು ತಿರುಗಿಸಿದ ಮೇಲೆ ಆ ಬಣ್ಣ ಬೇರೆಲ್ಲೋ ಹೋಯಿತೆಂದು ಗಾಬರಿಯಾಗುತ್ತಾರೆ. ಬೆಲ್ಟಿನ ಹಲ್ಲುಗಳ ಸಂಖ್ಯೆಯೂ ಚಕ್ರದ ಹಲ್ಲುಗಳ ಸಂಖ್ಯೆಯೂ ಬೇರೆಬೇರೆ. ಹಾಗಾಗಿ ಬೆಲ್ಟಿನ ಬಣ್ಣ ಎರಡೇ ಸುತ್ತಿಗೆ ಹಿಂದಿನ ಜಾಗಕ್ಕೆ ಬರುವುದಿಲ್ಲ. ಚಕ್ರಗಳ ಗುರುತು ಬಂದರೆ ಸಾಕು.

ಮೂರು, ಹಾಕುವಾಗ ಸರಿಯಿದ್ದ ಗುರುತು ತಿರುಗಿಸಿದ ಮೇಲೆ ತಪ್ಪುವುದು. ಟೆನ್ಷನರ್ ಇಲ್ಲದ ಬದಿಯಲ್ಲಿ ಬೆಲ್ಟು ಬಿಗಿಯಾಗಿರಬೇಕು, ಸಡಿಲವೆಲ್ಲ ಟೆನ್ಷನರಿನ ಬದಿಗೆ ಬರಬೇಕು. ಹಾಗಾಗದೆ ಬಿಗಿಯ ಬದಿಯಲ್ಲಿ ಸಡಿಲ ಉಳಿದರೆ, ತಿರುಗಿಸಿದಾಗ ಆ ಸಡಿಲ ಆಚೆಗೆ ಹೋಗಿ ಗುರುತು ಸರಿಯುತ್ತದೆ. ಕೈಯಿಂದ ಎರಡು ಸುತ್ತು ತಿರುಗಿಸದೆ ಮುಚ್ಚಳ ಮುಚ್ಚಬಾರದೆಂದು ಹೇಳುವುದು ಇದಕ್ಕಾಗಿಯೇ.

ಒಂದು ಹಲ್ಲಿನ ಲೆಕ್ಕ

ಒಂದು ಹಲ್ಲು ತಪ್ಪಿದರೆ ಅಷ್ಟೇನು ವ್ಯತ್ಯಾಸ ಎಂದು ಕೇಳುವವರಿದ್ದಾರೆ. ಉದಾಹರಣೆಗೆ ಮೇಲಿನ ಚಕ್ರಕ್ಕೆ 40 ಹಲ್ಲುಗಳಿವೆ ಎಂದಿಟ್ಟುಕೊಳ್ಳಿ. ಒಂದು ಹಲ್ಲೆಂದರೆ ಕ್ಯಾಮಿನಲ್ಲಿ 9 ಡಿಗ್ರಿ. ಕ್ಯಾಮು ಕ್ರ್ಯಾಂಕಿನ ಅರ್ಧ ವೇಗದಲ್ಲಿ ತಿರುಗುವುದರಿಂದ ಕ್ರ್ಯಾಂಕಿನ ಲೆಕ್ಕದಲ್ಲಿ ಅದು 18 ಡಿಗ್ರಿ. ಟೈಮಿಂಗನ್ನು ಒಂದೆರಡು ಡಿಗ್ರಿಯ ನಯದಲ್ಲಿ ಹೊಂದಿಸುವ ಎಂಜಿನಿಗೆ 18 ಡಿಗ್ರಿ ಸಣ್ಣ ಮಾತಲ್ಲ.

ಕಾರ್ಬೊರೇಟರಿನ 800 ಮತ್ತು ಓಮ್ನಿಗಳಲ್ಲಿ ಇನ್ನೊಂದು ತೊಡಕಿದೆ. ಅವುಗಳಲ್ಲಿ ಪ್ಲಗ್ಗಿಗೆ ಕರೆಂಟು ಹಂಚುವ ಡಿಸ್ಟ್ರಿಬ್ಯೂಟರನ್ನು ತಿರುಗಿಸುವುದೂ ಕ್ಯಾಮೇ. ಆದ್ದರಿಂದ ಬೆಲ್ಟು ಒಂದು ಹಲ್ಲು ತಪ್ಪಿದರೆ ವಾಲ್ವಿನ ತಾಳವೂ ಕರೆಂಟಿನ ತಾಳವೂ ಒಟ್ಟಿಗೇ ತಪ್ಪುತ್ತವೆ. ಕ್ಯಾಮು ಹಿಂದುಳಿದರೆ ಕರೆಂಟೂ ತಡವಾಗುತ್ತದೆ: ಕಾರು ಏರಿನಲ್ಲಿ ಎಳೆಯುವುದಿಲ್ಲ, ಬೇಗ ಬಿಸಿಯಾಗುತ್ತದೆ, ಸೈಲೆನ್ಸರಿನಲ್ಲಿ ಪಟಪಟ ಸದ್ದು ಬರುತ್ತದೆ. ಕ್ಯಾಮು ಮುಂದಾದರೆ ಕರೆಂಟೂ ಮೊದಲೇ ಬರುತ್ತದೆ: ಸೆಲ್ಫ್ ಹೊಡೆಯುವಾಗ ಎಂಜಿನು ಹಿಂದಕ್ಕೆ ಒದೆಯುತ್ತದೆ, ಆಕ್ಸಿಲರೇಟರ್ ಒತ್ತಿದಾಗ ಕುಟ್ಟುವ ಶಬ್ದ ಬರುತ್ತದೆ.

ಇಲ್ಲಿಯೇ ಹಲವರು ದಾರಿ ತಪ್ಪುವುದು. ಡಿಸ್ಟ್ರಿಬ್ಯೂಟರಿನ ಬೋಲ್ಟು ಸಡಿಲಿಸಿ ಆಚೀಚೆ ತಿರುಗಿಸಿದರೆ ಎಂಜಿನು ಸ್ಟಾರ್ಟ್ ಆಗುತ್ತದೆ, ಶಬ್ದವೂ ಸುಧಾರಿಸುತ್ತದೆ. ‘ಟೈಮಿಂಗ್ ಸರಿಯಾಯಿತು’ ಎಂದು ಮುಚ್ಚಳ ಮುಚ್ಚುತ್ತಾರೆ. ನಿಜವಾಗಿ ಸರಿಯಾದದ್ದು ಕರೆಂಟಿನ ತಾಳ ಮಾತ್ರ. ವಾಲ್ವಿನ ತಾಳ ತಪ್ಪಿಯೇ ಉಳಿದಿರುತ್ತದೆ. ಮಾಣಿ ಸಮೀಪದ ಸದಸ್ಯರೊಬ್ಬರ ಓಮ್ನಿ ಹೀಗೆಯೇ ಒಂದು ಮಳೆಗಾಲವಿಡೀ ಓಡಿತು. ಸಮತಟ್ಟಿನಲ್ಲಿ ದೋಷವೇ ತಿಳಿಯುತ್ತಿರಲಿಲ್ಲ. ನಾಲ್ಕು ಚೀಲ ಹೇರಿದರೆ ಮನೆಯ ಏರು ಹತ್ತಲು ಒಂದನೇ ಗೇರು ಬೇಕಾಗುತ್ತಿತ್ತು, ಪೆಟ್ರೋಲೂ ಹೆಚ್ಚು ಕುಡಿಯುತ್ತಿತ್ತು. ಕಾರ್ಬೊರೇಟರ್ ಬಿಚ್ಚಿಸಿದರು, ಪ್ಲಗ್ಗು ಹೊಸತು ಹಾಕಿಸಿದರು, ಕ್ಲಚ್ ಪ್ಲೇಟು ಸವೆದಿದೆಯೆಂದು ಅದನ್ನೂ ಬದಲಿಸಿದರು. ಕೊನೆಗೆ ಒಬ್ಬ ಹಿರಿಯ ಮೆಕ್ಯಾನಿಕ್ ನೋಡಿ, ಡಿಸ್ಟ್ರಿಬ್ಯೂಟರ್ ತನ್ನ ಗಾಡಿಯ ಒಂದು ಕೊನೆಗೆ ಹೋಗಿ ನಿಂತಿದೆಯಲ್ಲ ಎಂದು ಬೊಟ್ಟು ಮಾಡಿ, ಬೆಲ್ಟಿನ ಮುಚ್ಚಳ ತೆಗೆಸಿದರು. ಒಂದು ಹಲ್ಲು ತಪ್ಪಿತ್ತು. ಅದನ್ನು ಸರಿಪಡಿಸಲು ಹೊಸ ಭಾಗವೇನೂ ಬೇಕಾಗಲಿಲ್ಲ.

ಆದ್ದರಿಂದ ಬೆಲ್ಟು ಹಾಕಿದ ಮೇಲೆ ಡಿಸ್ಟ್ರಿಬ್ಯೂಟರನ್ನು ಹಿಂದಿನ ಜಾಗದಿಂದ ಹೆಚ್ಚು ತಿರುಗಿಸಬೇಕಾಗಿ ಬಂದರೆ ಅದನ್ನು ಪರಿಹಾರವೆನ್ನಬೇಡಿ. ಬೆಲ್ಟು ತಪ್ಪಿರುವುದಕ್ಕೆ ಅದು ಸಾಕ್ಷಿ.

ಡಿಸ್ಟ್ರಿಬ್ಯೂಟರನ್ನು ಹೊರಗೇ ತೆಗೆದವರಿಗೆ ಒಂದು ಎಚ್ಚರಿಕೆ. ಗುರುತುಗಳು ಕೂಡಿದಾಗ ಒಂದನೇ ಸಿಲಿಂಡರೇ ಉರಿಯುವ ಸ್ಥಿತಿಯಲ್ಲಿರಬೇಕೆಂದಿಲ್ಲ. ಒಂದನೇ ಪ್ಲಗ್ಗಿನ ತೂತಿಗೆ ಬೆರಳು ಒತ್ತಿ ಹಿಡಿದು ಎಂಜಿನನ್ನು ಕೈಯಿಂದ ತಿರುಗಿಸಿದರೆ, ಗಾಳಿ ಬೆರಳನ್ನು ದೂಡುವ ಸುತ್ತೇ ಉರಿಯುವ ಸುತ್ತು. ಪ್ಲಗ್ ವಯರುಗಳ ಕ್ರಮ ಈ ಮೂರು ಸಿಲಿಂಡರಿನ ಎಂಜಿನಿಗೆ 1–3–2. ಎರಡು ವಯರು ಅದಲುಬದಲಾದರೂ ಬೆಲ್ಟು ತಪ್ಪಿದಂತೆಯೇ ಲಕ್ಷಣಗಳು ಕಾಣುತ್ತವೆ.

ಗುರುತು ಸರಿಯಿದ್ದೂ ಎಂಜಿನು ಸರಿಯಿಲ್ಲದಿದ್ದರೆ

ಬೆಲ್ಟಿನ ತಾಳ ಸರಿಯಿದೆಯೆಂದು ಖಚಿತವಾದ ಮೇಲೆ ದೋಷವನ್ನು ಎಲ್ಲೆಲ್ಲೋ ಹುಡುಕಬೇಕಾಗಿಲ್ಲ. ನಿನ್ನೆಯವರೆಗೆ ಸರಿಯಿದ್ದ ಎಂಜಿನು ಇಂದು ಕೆಟ್ಟಿದೆಯೆಂದರೆ ನಮ್ಮ ಕೈ ತಾಗಿದ ಜಾಗವನ್ನೇ ಮೊದಲು ನೋಡಬೇಕು. ತೋಟದಲ್ಲಿ ಒಂದು ಸಾಲಿಗೆ ಮಾತ್ರ ನೀರು ಬಾರದಿದ್ದರೆ ಆ ಸಾಲಿನ ಪೈಪನ್ನೇ ನೋಡುವೆವಲ್ಲದೆ ಬಾವಿಯನ್ನು ಅಗೆಯುವುದಿಲ್ಲ.

ಐಡ್ಲಿಂಗ್ ನಿಲ್ಲದೆ ಎಂಜಿನು ಒಮ್ಮೆ ಏರಿ ಒಮ್ಮೆ ಇಳಿಯುತ್ತಿದ್ದರೆ, ಕೆಲಸದ ವೇಳೆ ಕಳಚಿದ ಸಣ್ಣ ರಬ್ಬರು ಪೈಪುಗಳನ್ನು ನೋಡಿ. ಹಳೆಯ ರಬ್ಬರು ತೆಗೆದು ಹಾಕುವಾಗ ಸೀಳುವುದುಂಟು. ಆ ಸೀಳಿನಿಂದ ಗಾಳಿ ಒಳಗೆ ಹೋದರೆ ಪೆಟ್ರೋಲಿನ ಹದ ತಪ್ಪುತ್ತದೆ.

ಒಂದು ಸಿಲಿಂಡರ್ ಮಾತ್ರ ಮಿಸ್ಸಿಂಗ್ ಇದ್ದರೆ ಆ ಪ್ಲಗ್ಗಿನ ವಯರು, ಕ್ಯಾಪು, ಪ್ಲಗ್ಗು ನೋಡಿ. ನಮ್ಮ ಮಳೆಗಾಲದಲ್ಲಿ ಬಿಚ್ಚಿಟ್ಟ ಡಿಸ್ಟ್ರಿಬ್ಯೂಟರ್ ಕ್ಯಾಪಿನ ಒಳಗೆ ತೇವ ಸೇರುವುದು ಸಾಮಾನ್ಯ. ಒಣ ಬಟ್ಟೆಯಿಂದ ಒರೆಸಿ, ಬಿಸಿಲಿಲ್ಲದಿದ್ದರೆ ಒಲೆಯಿಂದ ದೂರದ ಬೆಚ್ಚಗಿನ ಜಾಗದಲ್ಲಿಟ್ಟು ಒಣಗಿಸಿ. ಕೆಲಸ ಅರ್ಧಕ್ಕೆ ನಿಂತು ಕಾರು ನಾಲ್ಕು ದಿನ ಕೊಟ್ಟಿಗೆಯಲ್ಲಿದ್ದರೆ ಇಲಿ ವಯರು ಕಡಿದಿದೆಯೇ ಎಂದೂ ನೋಡಬೇಕು.

ಲೈಟು ಮಂದವಾಗಿ ಸೆಲ್ಫ್ ಟಿಕ್ ಎಂದಷ್ಟೇ ಸದ್ದು ಮಾಡಿದರೆ ಬ್ಯಾಟರಿಯ ತಂತಿ ಮತ್ತು ಎಂಜಿನಿಗೆ ಬಿಗಿಯುವ ಅರ್ಥ್ ತಂತಿ ನೋಡಿ.

ಚಾರ್ಜಿನ ದೀಪ ಉರಿದು, ಎಂಜಿನು ಬಿಸಿಯೇರಿದರೆ ಹೊರಗಿನ ಬೆಲ್ಟು ಸಡಿಲವಾಗಿದೆಯೆಂದು ತಿಳಿಯಬೇಕು. 800ರಲ್ಲಿ ನೀರಿನ ಪಂಪನ್ನೂ ಆಲ್ಟರ್ನೇಟರನ್ನೂ ತಿರುಗಿಸುವುದು ಆ ಹೊರಗಿನ ಬೆಲ್ಟು. ಟೈಮಿಂಗ್ ಬೆಲ್ಟು ತೆಗೆಯಲು ಅದನ್ನು ಮೊದಲು ಕಳಚಿರುತ್ತೇವೆ, ಮತ್ತೆ ಹಾಕುವಾಗ ಬಿಗಿ ಮಾಡಲು ಮರೆಯುತ್ತದೆ. ಬೇರೆ ಹಲವು ಕಾರುಗಳಲ್ಲಿ ಟೈಮಿಂಗ್ ಬೆಲ್ಟೇ ನೀರಿನ ಪಂಪನ್ನು ತಿರುಗಿಸುತ್ತದೆ. ಅಂಥವುಗಳಲ್ಲಿ ಬೆಲ್ಟಿನ ಜೊತೆಗೇ ಪಂಪನ್ನೂ ಪರೀಕ್ಷಿಸುವುದು ಜಾಣತನ.

ಶಬ್ದವನ್ನೂ ಕಿವಿಗೊಟ್ಟು ಕೇಳಬೇಕು. ಎಂಜಿನಿನ ವೇಗದೊಂದಿಗೆ ಏರುವ ‘ಕುಂಯ್’ ಎಂಬ ಕೂಗು ಬಂದರೆ ಬೆಲ್ಟು ಅತಿ ಬಿಗಿಯಾಗಿದೆ, ಅಥವಾ ಟೆನ್ಷನರಿನ ಬೇರಿಂಗು ಹೋಗಿದೆ. ಮುಚ್ಚಳದೊಳಗೆ ಪಟಪಟ ಬಡಿದರೆ ಬೆಲ್ಟು ಸಡಿಲ. ಸಡಿಲ ಬೆಲ್ಟು ಇಂದು ಓಡಿದರೂ ನಾಳೆ ಹಲ್ಲು ಹಾರಿಸುತ್ತದೆ. ದೊಡ್ಡ ಪುಲ್ಲಿ ಓಲಾಡುತ್ತಿದ್ದರೆ ತಕ್ಷಣ ಎಂಜಿನು ನಿಲ್ಲಿಸಿ. ಕ್ರ್ಯಾಂಕಿನ ಬೋಲ್ಟು ಬಿಗಿಯಾಗಿಲ್ಲದಿದ್ದರೆ ಚಕ್ರವನ್ನು ಹಿಡಿದಿಡುವ ಸಣ್ಣ ಕೀ ಸವೆದು, ಎಷ್ಟು ಸಲ ಬೆಲ್ಟು ಹಾಕಿದರೂ ತಾಳ ನಿಲ್ಲದಂತಾಗುತ್ತದೆ.

ಇಂಜೆಕ್ಷನ್ ಮತ್ತು ಡೀಸೆಲ್ ಕಾರುಗಳು

ಪೆಟ್ರೋಲ್ ಇಂಜೆಕ್ಷನ್ ಇರುವ ಕಾರುಗಳಲ್ಲಿ ಕ್ರ್ಯಾಂಕಿನ ಸ್ಥಾನವನ್ನೂ ಕ್ಯಾಮಿನ ಸ್ಥಾನವನ್ನೂ ಬೇರೆಬೇರೆ ಸೆನ್ಸರುಗಳು ಕಂಪ್ಯೂಟರಿಗೆ ತಿಳಿಸುತ್ತವೆ. ಎರಡಕ್ಕೂ ತಾಳೆಯಾಗದಿದ್ದರೆ ಡ್ಯಾಶ್‌ಬೋರ್ಡಿನಲ್ಲಿ ಎಂಜಿನಿನ ದೀಪ ಉರಿಯುತ್ತದೆ. ಸ್ಕ್ಯಾನರ್ ಹಾಕಿದಾಗ ಪಿ0016 ಎಂಬ ಸಂಕೇತ ಬಂದರೆ ಈ ಎರಡರ ತಾಳ ಕೂಡಿಲ್ಲವೆಂದು ಅರ್ಥ. ಸೆನ್ಸರ್ ಕೊಳ್ಳಲು ಓಡುವ ಮೊದಲು ಬೆಲ್ಟಿನ ಗುರುತು ನೋಡಿ, ಸೆನ್ಸರಿನ ವಯರ್ ಕನೆಕ್ಟರ್ ಸರಿಯಾಗಿ ಕುಳಿತಿದೆಯೇ ನೋಡಿ. ಸೆಲ್ಫ್ ತಿರುಗುತ್ತದೆ, ಆದರೆ ಕರೆಂಟೂ ಇಲ್ಲ, ಪೆಟ್ರೋಲೂ ಬರುವುದಿಲ್ಲ ಎಂದಾದರೆ ಕ್ರ್ಯಾಂಕ್ ಸೆನ್ಸರಿನ ಕನೆಕ್ಟರನ್ನೇ ಮೊದಲು ಸಂಶಯಿಸಬೇಕು.

ಹಲವು ಡೀಸೆಲ್ ಎಂಜಿನುಗಳಲ್ಲಿ ಇದೇ ಬೆಲ್ಟು ಡೀಸೆಲ್ ಪಂಪನ್ನೂ ತಿರುಗಿಸುತ್ತದೆ. ಅಲ್ಲಿ ಎರಡರ ಬದಲು ಮೂರು ಗುರುತುಗಳು ಕೂಡಬೇಕು. ವಿಶೇಷ ಪಿನ್ನುಗಳಿಲ್ಲದೆ ಅದನ್ನು ಮನೆಯಲ್ಲಿ ಮಾಡದಿರುವುದೇ ಒಳ್ಳೆಯದು.

ಎಲ್ಲಿ ಕೈ ಬಿಡಬೇಕು

ಗುರುತು ಸರಿಪಡಿಸಿದ ಮೇಲೂ ಎಂಜಿನು ಹಿಡಿಯದಿದ್ದರೆ ಕಂಪ್ರೆಷನ್ ಪರೀಕ್ಷೆ ಮಾಡಿಸಬೇಕು. ಎಲ್ಲ ಸಿಲಿಂಡರುಗಳಲ್ಲಿಯೂ ಸಮನಾಗಿ ಕಡಿಮೆ ಬಂದರೆ ಬೆಲ್ಟಿನ ತಾಳವನ್ನು ಇನ್ನೊಮ್ಮೆ ನೋಡಬೇಕು. ಒಂದೆರಡರಲ್ಲಿ ಮಾತ್ರ ತೀರ ಕಡಿಮೆಯಿದ್ದರೆ ವಾಲ್ವು ಬಾಗಿರುವ ಸಂಭವ ಹೆಚ್ಚು. ಅದು ಗ್ಯಾರೇಜಿನ ಕೆಲಸ. ಅಲ್ಲಿಗೆ ಕಾರನ್ನು ಕಟ್ಟಿ ಎಳೆಸಿಕೊಂಡು ಹೋಗಿ. ಓಡಿಸಿಕೊಂಡು ಹೋಗಬೇಡಿ. ಮೆಕ್ಯಾನಿಕ್ ಮುಂದೆ ನೀವು ಏನೇನು ಬಿಚ್ಚಿದಿರೆಂಬುದನ್ನು ಮುಚ್ಚಿಡಬೇಡಿ. ಡಾಕ್ಟರಲ್ಲಿ ರೋಗ ಮುಚ್ಚಿಟ್ಟಂತೆಯೇ ಅದು.

ಮುಂದಿನ ಸಲಕ್ಕೆ

ತೋಟದವರ ಕಾರು ವರ್ಷಕ್ಕೆ ಓಡುವುದು ಕಡಿಮೆ. ಕೈಪಿಡಿಯಲ್ಲಿ ಹೇಳಿದಷ್ಟು ಕಿಲೋಮೀಟರ್ ಆಗಿಲ್ಲವೆಂದು ಬೆಲ್ಟನ್ನು ಹಾಗೇ ಬಿಡುವವರು ಬಹಳ. ಆದರೆ ರಬ್ಬರಿಗೆ ವಯಸ್ಸೂ ಲೆಕ್ಕ. ಕಿಲೋಮೀಟರ್ ಆಗದಿದ್ದರೂ ಕೈಪಿಡಿಯ ವರ್ಷದ ಅವಧಿ ಮುಗಿದರೆ ಬದಲಿಸಬೇಕು. ಹಳೆಯ ಕಾರು ಕೊಂಡವರು, ಬೆಲ್ಟು ಯಾವಾಗ ಹಾಕಿದ್ದೆಂದು ತಿಳಿಯದಿದ್ದರೆ, ಬದಲಿಸಿಯೇ ಮುಂದುವರಿಯಬೇಕು. ಕ್ಯಾಮು, ಕ್ರ್ಯಾಂಕಿನ ಸೀಲುಗಳಿಂದ ಆಯಿಲು ಸೋರುತ್ತಿದ್ದರೆ ಸೀಲು ಬದಲಿಸದೆ ಹೊಸ ಬೆಲ್ಟು ಹಾಕುವುದು ವ್ಯರ್ಥ, ಆಯಿಲು ರಬ್ಬರನ್ನು ತಿಂದುಹಾಕುತ್ತದೆ. ಹೊಸ ಬೆಲ್ಟನ್ನು ಮಡಚಬಾರದು, ಒಳಮೈ ಹೊರಗಾಗುವಂತೆ ತಿರುಚಬಾರದು.

ಬಿಚ್ಚುವ ಮೊದಲು ಮೊಬೈಲಿನಲ್ಲಿ ಎಲ್ಲ ಬದಿಗಳಿಂದ ಫೋಟೋ ತೆಗೆದಿಟ್ಟುಕೊಳ್ಳಿ. ಡಿಸ್ಟ್ರಿಬ್ಯೂಟರಿನ ಜಾಗಕ್ಕೆ ಬಣ್ಣದ ಗುರುತು ಹಾಕಿ. ಬಿಚ್ಚಿದ ಬೋಲ್ಟುಗಳನ್ನು ಕ್ರಮವಾಗಿ ಹಾಳೆಯ ಮೇಲೆ ಜೋಡಿಸಿಡಿ. ಕೆಲಸ ಮುಗಿದ ದಿನಾಂಕ, ಮೀಟರಿನ ಕಿಲೋಮೀಟರ್ ಎರಡನ್ನೂ ತೋಟದ ಲೆಕ್ಕದ ಪುಸ್ತಕದಲ್ಲಿ ಬರೆದಿಡಿ. ಮೊದಲ ದಿನವೇ ಘಾಟಿ ಹತ್ತದೆ, ಮನೆಯ ಸುತ್ತಮುತ್ತ ಒಂದೆರಡು ದಿನ ಓಡಿಸಿ, ಇನ್ನೊಮ್ಮೆ ಮುಚ್ಚಳ ತೆಗೆದು ಬಿಗಿ ನೋಡಿ. ಆ ಬಳಿಕ ಚೀಲ ಹೇರಿ ಹೊರಡಬಹುದು.